ಕಾಗದದ ಆಲೂಗಡ್ಡೆ

ರಂಗಮಂದಿರದ ಹಿಂಬಾಗಿಲಿಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ವರ್ಷವಿಡೀ ಅಡುಗೆ ನಡೆಯುತ್ತಿತ್ತು. ಒಲೆ ಮಾತ್ರ ಇರಲಿಲ್ಲ. ಕಪಾಟಿನ ತುಂಬ ಬ್ರೆಡ್ಡು, ಹುರಿದ ಮೀನು, ದ್ರಾಕ್ಷಿ ಗೊಂಚಲು, ಬಿರಿದ ದಾಳಿಂಬೆ. ಎಲ್ಲವೂ ಕಾಗದದ್ದು. ನಾಟಕದಲ್ಲಿ ಯಾರು ಏನು ತಿನ್ನಬೇಕಾದರೂ ಅದು ಆ ಕೋಣೆಯಿಂದಲೇ ಹೋಗಬೇಕು. ಅದನ್ನೆಲ್ಲ ಮಾಡುತ್ತಿದ್ದವಳನ್ನು ಮಂದಿರದವರೆಲ್ಲ ಕಾಗದದಕ್ಕ ಎಂದು ಕರೆಯುತ್ತಿದ್ದರು.

ಹೊಸ ನಟರು ಆ ದಾಳಿಂಬೆಗೆ ಕೈ ಹಾಕಿ ಬೈಸಿಕೊಳ್ಳದ ವರ್ಷವೇ ಇಲ್ಲ. ಅವರನ್ನು ಅಂದು ಪ್ರಯೋಜನವಿಲ್ಲ ಬಿಡಿ, ಇಲಿಗಳೇ ಮೋಸ ಹೋಗುತ್ತಿದ್ದವು. ಬೆಳಿಗ್ಗೆ ಬಂದು ನೋಡಿದರೆ ಚೀಸ್ ತುಂಡಿನ ಮೂಲೆ ಮಾಯವಾಗಿರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅಕ್ಕ ಆ ಹಲ್ಲಿನ ಗುರುತನ್ನು ಬೆಳಕಿಗೆ ಹಿಡಿದು, "ನೋಡಿ, ಬಾಯಿ ಹಾಕಿಯೇ ಬಿಟ್ಟಿದೆ ಪಾಪ!" ಎಂದು ಸಿಕ್ಕಸಿಕ್ಕವರಿಗೆಲ್ಲ ತೋರಿಸಿಕೊಂಡು ತಿರುಗಿದಳು. ಆಮೇಲೆ ಅಂಟಿಗೆ ಕಹಿ ಎಲೆಯ ರಸ ಬೆರೆಸತೊಡಗಿದಳು. "ಮನೆ ಅಡುಗೆಗೂ ಅದನ್ನೇ ಹಾಕ್ತೀಯೇನೇ?" ಎಂದು ಗಂಡ ಕಾಲೆಳೆದರು.

ಇಡೀ ಸಭೆಗೆ ಹಸಿವು ಹುಟ್ಟಿಸುತ್ತಿದ್ದ ಈ ಹೆಂಗಸಿಗೆ, ಅದೇ ಗಂಡನ ಬಾಯಿಗೆ ಒಂದು ತುತ್ತು ಇಳಿಸಲಾಗದ ಕಾಲ ಬಂತು. ಹೇಳಬೇಕಾಗಿರುವುದು ಅದನ್ನೇ. ಆದರೆ ಅದಕ್ಕೆ ಮೊದಲು ಆಲೂಗಡ್ಡೆಯ ವಿಷಯ ಹೇಳದಿದ್ದರೆ ಆಗುವುದಿಲ್ಲ.

ಯುದ್ಧ ಮುಗಿಸಿ ಮನೆಗೆ ಬಂದ ಸಿಪಾಯಿಯೊಬ್ಬ ಯಾರ ಜೊತೆಗೂ ಮಾತಾಡದೆ ಕೂತು ಒಂದು ಬೇಯಿಸಿದ ಆಲೂಗಡ್ಡೆ ತಿನ್ನುತ್ತಾನೆ. ಮಂದಿರದವರ ಒಂದು ನಾಟಕದಲ್ಲಿ ಅದೇ ಮುಖ್ಯ ದೃಶ್ಯ. ಸಿಪಾಯಿಯ ಪಾತ್ರ ಪೈಲ್ವಾನನದು. ಪೈಲ್ವಾನ ಎಂದರೆ ತಂಡದ ಹಿರಿಯ ನಟ. ಮೂಳೆಯ ಮೇಲೆ ಚರ್ಮ ಬಿಟ್ಟರೆ ಮೈಯಲ್ಲಿ ಇನ್ನೇನೂ ಇಲ್ಲ, ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವ ಆಸಾಮಿ. ಆ ಹೆಸರು ಬಂದದ್ದೂ ಅದಕ್ಕೇ. ಅಕ್ಕ ಜೀವ ತೇಯ್ದು ಮಾಡಿದ ಆಲೂಗಡ್ಡೆಯನ್ನು ಅವನು ಕೈಯಲ್ಲಿ ಹಿಡಿದು ಒಂದು ಸಲ ಮೇಲಕ್ಕೆಸೆದು ಹಿಡಿದ.

"ಅಕ್ಕಾ, ಇದನ್ನ ತಿನ್ನೋಕಾಗಲ್ಲ."

"ಕಾಗದ ಕಣಪ್ಪಾ. ನಿಜವಾಗ್ಲೂ ತಿನ್ನು ಅಂತ ಯಾರು ಹೇಳಿದ್ರು?"

"ನೋಡೋಕೆ ಅಪ್ಪಟ ಆಲೂಗಡ್ಡೆ. ಆದ್ರೆ ಹಗುರ. ಸುಳ್ಳು ಅಂತ ಕೈಗೆ ಗೊತ್ತಾದ್ರೆ ಬಾಯಿಗೆ ಹೇಳಿಬಿಡುತ್ತೆ. ಬಾಯಿಗೆ ಗೊತ್ತಾದ್ರೆ ಮುಗೀತು, ಕಡೇ ಸಾಲಲ್ಲಿ ಕೂತವನಿಗೂ ಗೊತ್ತಾಗುತ್ತೆ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅದರ ಮೇಲಿನ ಮಣ್ಣಿನ ಕಲೆಗೂ ಕಣ್ಣಿನಂಥ ಗುಳಿಗಳಿಗೂ ಅವಳು ಎಷ್ಟು ಒದ್ದಾಡಿದ್ದಳೋ ಅವಳಿಗೇ ಗೊತ್ತು. ಮುಖ ಊದಿಸಿಕೊಂಡು ಮನೆಗೆ ಹೋದವಳು ನಿಜವಾದ ಆಲೂಗಡ್ಡೆಯೊಂದನ್ನು ಬೇಯಿಸಿ ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಕಣ್ಣು ಮುಚ್ಚಿದಳು. ಇಷ್ಟು ವರ್ಷ ತಾನು ನೋಡುವವರಿಗಾಗಿ ಮಾಡುತ್ತಿದ್ದೆ, ಹಿಡಿಯುವವನನ್ನು ಕೇಳಿಯೇ ಇರಲಿಲ್ಲ ಎಂದು ಅವಳಿಗೆ ಹೊಳೆದದ್ದು ಆಗ. ಮಾರನೆಯ ದಿನದಿಂದ ಕಾಗದದ ಮುದ್ದೆಯೊಳಗೆ ಬಟ್ಟೆಯಲ್ಲಿ ಕಟ್ಟಿದ ಮರಳು ಸೇರಿತು. ಚಪ್ಪಲಿ ಡಬ್ಬಿಯಲ್ಲಿ ಬರುವ ತೆಳು ಕಾಗದವನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಅಲ್ಲಲ್ಲಿ ಮಾತ್ರ ಅಂಟಿಸಿ, ಸುಲಿದರೆ ಸುಲಿಯುವಂಥ ಸಿಪ್ಪೆ ಮಾಡಿದಳು. ಸಿಪ್ಪೆ ಸುಲಿಯದೆ ಆಲೂಗಡ್ಡೆ ತಿನ್ನುವ ಸಿಪಾಯಿ ಎಲ್ಲಿದ್ದಾನೆ?

ಈ ಸಲ ಪೈಲ್ವಾನ ಅದನ್ನು ಕೈಗೆ ತೆಗೆದುಕೊಂಡ. ತನಗೇ ಗೊತ್ತಿಲ್ಲದ ಹಾಗೆ ಅದನ್ನು ಇನ್ನೊಂದು ಕೈಗೆ ಬದಲಾಯಿಸಿ ಉಫ್ ಎಂದು ಊದಿದ. ಆಮೇಲೆ ತಾನೇ ಬೆಚ್ಚಿ ಅವಳ ಮುಖ ನೋಡಿದ.

"ಈಗ ಬೆಂದಿದೆ ಅಕ್ಕಾ," ಅಂದ.

ಅಲ್ಲಿಂದ ಮುಂದೆ ಇಬ್ಬರಿಗೂ ಮಾತೇ ಮಾತು. ತಾಲೀಮಿನ ನಡುವೆ ಬಿಡುವಾದಾಗಲೆಲ್ಲ ಅವನು ಟೀ ಲೋಟ ಹಿಡಿದುಕೊಂಡು ಅವಳ ಕೋಣೆಯ ಮುರುಕು ಸ್ಟೂಲಿನ ಮೇಲೆ ಬಂದು ಕೂರುವನು. ಬ್ರೆಡ್ಡು ಮುರಿಯುವ ಸದ್ದು ಹೇಗಿರುತ್ತದೆ, ಹಸಿದವನು ಮೊದಲು ಬೆರಳಿಂದ ತಿನ್ನುತ್ತಾನೋ ಮೂಗಿಂದ ತಿನ್ನುತ್ತಾನೋ ಎಂದೆಲ್ಲ ಚರ್ಚೆ. ಆ ಕೋಣೆಯಿಂದ ಕಸದ ಬುಟ್ಟಿಗೆ ಹೋಗುತ್ತಿದ್ದದ್ದು ಏನೂ ಇಲ್ಲ; ನಾಟಕ ಮುಗಿದರೆ ಇಡೀ ಔತಣ ನೀರಿನ ತೊಟ್ಟಿಗೆ ಬಿದ್ದು ನೆನೆದು ಮತ್ತೆ ಮುದ್ದೆಯಾಗುತ್ತಿತ್ತು, ಹೋದ ವರ್ಷದ ಮೀನು ಈ ವರ್ಷ ಸೇಬಾಗುತ್ತಿತ್ತು. ದಾಳಿಂಬೆಯ ಕೆಂಪು ಬೀಟ್‌ರೂಟ್ ಬೇಯಿಸಿದ ನೀರಿನದು, ಮೀನಿನ ಹೊಳಪು ಚಾಕಲೇಟಿನ ಬೇಗಡೆಯದು. ಪರಿಸರದ ಬಗ್ಗೆ ಯಾರೋ ಬಂದು ಭಾಷಣ ಮಾಡಿ ಹೋದಾಗ ಅಕ್ಕ ಮನಸಾರೆ ಚಪ್ಪಾಳೆ ತಟ್ಟಿ, ಅವರು ಬಿಟ್ಟುಹೋದ ಭಾಷಣದ ಹಾಳೆಗಳನ್ನು ಜೋಪಾನವಾಗಿ ತಂದು ನೆನೆಹಾಕಿದಳು. ಅದು ಒಳ್ಳೆಯ ಮೊಟ್ಟೆಯಾಯಿತು.

ಒಂದು ದಿನ ಅವಳು ಪೈಲ್ವಾನನಿಗೆ ಮನೆಯಿಂದ ಆಲೂಗಡ್ಡೆ ಬೇಯಿಸಿ ತಂದಳು. ಅವನು ಎರಡೂ ಕೈ ಅಡ್ಡ ಹಿಡಿದ.

"ನನಗೆ ಆಗಲ್ಲ ಅಕ್ಕಾ. ವಾಯು. ಬಾಯಿಗಿಟ್ಟು ಎಷ್ಟೋ ವರ್ಷ ಆಯ್ತು."

"ಅಯ್ಯೋ ನಿನ್ನ! ಮತ್ತೆ ದಿನಾ ಸ್ಟೇಜಿನ ಮೇಲೆ ಹೇಗಪ್ಪಾ ಹಾಗೆ ತಿಂತೀಯ?"

"ತಿನ್ನೋರಿಗೆ ಅದರ ಮೇಲೆ ಗಮನ ಎಲ್ಲಿರುತ್ತೆ? ಮಾತಾಡ್ತಾ ತಿಂತಾರೆ, ಪೇಪರ್ ಓದ್ತಾ ತಿಂತಾರೆ. ನಾನು ಮಾತ್ರ ಎದುರಿಗೆ ಕೂತು ಒಂದೊಂದು ತುತ್ತೂ ನೋಡ್ತೀನಿ."

"ಜೊಲ್ಲು ಸುರಿಸ್ಕೊಂಡು ಕೂತಿರ್ತೀನಿ ಅನ್ನು."

"ಅದೇ ನನ್ನ ಕಲೆ ಅಕ್ಕಾ," ಎಂದು ಅವನು ನಕ್ಕ.

ಆದರೆ ಆ ಕಲೆಯನ್ನು ಅಕ್ಕ ಎದುರಿನಿಂದ ಒಮ್ಮೆಯೂ ನೋಡಿರಲಿಲ್ಲ. ಪ್ರದರ್ಶನ ನಡೆಯುವಾಗ ಅವಳ ಜಾಗ ಪಕ್ಕದ ಪರದೆಯ ಹಿಂದೆ. ಅಲ್ಲಿಂದ ಕಾಣುತ್ತಿದ್ದದ್ದು ಪೈಲ್ವಾನನ ಬೆನ್ನು, ಒಂದು ಕಿವಿ, ಅಷ್ಟೇ. ಆಮೇಲೆ ಕತ್ತಲೆಯಲ್ಲಿ ಅಷ್ಟೂ ಜನ ಒಟ್ಟಿಗೆ ಉಗುಳು ನುಂಗುವ ಸದ್ದು ಕೇಳಿಸುತ್ತಿತ್ತು. ಅದನ್ನು ಕೇಳಿದಾಗ ಅವಳಿಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಇನ್ನು ಅವಳ ಯಜಮಾನರು. ಅವರು ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವರು. ಅಕ್ಕನ ಕಾಗದವೆಲ್ಲ ಬರುತ್ತಿದ್ದದ್ದು ಅಲ್ಲಿಂದಲೇ. ಅಚ್ಚು ಕೆಟ್ಟ ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬರುವರು. ಊಟವಾದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತು ಅವನ್ನು ಚೂರುಚೂರಾಗಿ ಹರಿಯುವರು. ಹರಿಯುವ ಮೊದಲು ಯಜಮಾನರು ಜೋರಾಗಿ ಓದುವರು. ಅರ್ಧ ಮದುವೆಯ ಕರೆಯೋಲೆ, ಅರ್ಧ ಕೆಮ್ಮಿನ ಔಷಧಿಯ ಜಾಹೀರಾತು, ಎರಡನ್ನೂ ಸೇರಿಸಿ ಓದಿದರೆ ವಧೂವರರು ದಿನಕ್ಕೆ ಎರಡು ಸಲ ಚೆನ್ನಾಗಿ ಕುಲುಕಬೇಕು ಎಂದಾಗಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುವಳು. ತಿನ್ನುವುದರಲ್ಲಂತೂ ಯಜಮಾನರದು ಎತ್ತಿದ ಕೈ. ತಟ್ಟೆಯಲ್ಲಿ ಏನಾದರೂ ಬಿಟ್ಟು ಎದ್ದ ನೆನಪು ಅವಳಿಗಿಲ್ಲ.

ಅಂಥವರಿಗೆ ಎದೆಯ ಸೋಂಕು ತಗುಲಿ ಆಸ್ಪತ್ರೆ ಸೇರುವಂತಾಯಿತು. ಕಾಯಿಲೆ ಹೋಯಿತು, ಹೋಗುವಾಗ ಹಸಿವನ್ನೂ ಕರೆದುಕೊಂಡು ಹೋಯಿತು. ಮನೆಗೆ ಬಂದವರು ಮುಂದಿನ ಕೋಣೆಯ ಮಂಚ ಹಿಡಿದರು. ಸೂಪು ಕೊಟ್ಟರೆ ಒಂದು ಚಮಚ. ಹಣ್ಣು ಹೆಚ್ಚಿ ಕೊಟ್ಟರೆ ಅದು ತಟ್ಟೆಯಲ್ಲೇ ಕಪ್ಪಾಗುವುದು. ದೂರದ ಊರಿನಿಂದ ಮಗಳು ಫೋನಿನಲ್ಲಿ ಅತ್ತು ಕರೆದು ಗದರಿದರೂ ಅಷ್ಟೇ. ಮೈ ಹಾಸಿಗೆಗೆ ಅಂಟಿಕೊಳ್ಳತೊಡಗಿತು.

"ನನ್ನ ಕೈಲಾದದ್ದು ಮಾಡಿದ್ದೀನಮ್ಮಾ," ಎಂದರು ಡಾಕ್ಟರು. "ಔಷಧಿ ಕೆಲಸ ಮುಗೀತು. ಇನ್ನು ಇವರಾಗೇ ತಿನ್ನಬೇಕು. ಹೀಗೇ ಮುಂದುವರಿದರೆ ಉಳಿಯೋದು ಕಷ್ಟ."

ಅಕ್ಕ ರಂಗಮಂದಿರಕ್ಕೆ ಹೋಗುವುದನ್ನು ಬಿಟ್ಟಳು. ಬೇಡಿಕೊಂಡಳು, ಜಗಳ ಆಡಿದಳು, ಮಗುವಿಗೆ ಹೇಳುವ ಹಾಗೆ ಹೇಳಿದಳು. ಒಂದು ಮಧ್ಯಾಹ್ನ ಚಮಚ ಹಿಡಿದು ಕೂತಿದ್ದಾಗ ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಹೇಳಿದರು:

"ಬಲವಂತ ಮಾಡ್ಬೇಡ ಕಣೇ. ಏನು ತಿಂದ್ರೂ ಕಾಗದ ತಿಂದ ಹಾಗಿರುತ್ತೆ."

ಅವರು ಬೇಕೆಂದು ಹೇಳಿದ್ದಲ್ಲ. ಆದರೂ ಆ ಮಾತು ಅವಳ ಎದೆಗೆ ಚುಚ್ಚಿತು. ಕಾಗದವನ್ನು ಊಟವಾಗಿಸಲು ತನಗೆ ಬರುತ್ತದೆ, ಊಟವನ್ನು ಊಟವಾಗಿಸಲು ಬರುವುದಿಲ್ಲವಲ್ಲ ಎಂದು ಅಡುಗೆಮನೆಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು.

ಪೈಲ್ವಾನ ಬಾಗಿಲು ತಟ್ಟಿದ್ದು ಆ ಹೊತ್ತಿಗೇ. ನಾಟಕ ಬೇರೆ ಊರಿಗೆ ಹೊರಟಿತ್ತು, ಅಕ್ಕ ಮನೆಗೆ ತಂದು ಹೊಸ ಸಿಪ್ಪೆ ಹಾಕಿಟ್ಟಿದ್ದ ಆಲೂಗಡ್ಡೆ ಬೇಕಿತ್ತು. ಮಂಚದ ಮೇಲಿದ್ದವರನ್ನು ನೋಡಿ ಅವನ ಮುಖ ಒಂದು ಕ್ಷಣ ಕಳೆಗುಂದಿತು.

"ಹೇಗಿದ್ದೀರಾ ಭಾವ?"

"ಇದೀನಿ ಕಣಯ್ಯಾ," ಎಂದು ಯಜಮಾನರು ಕಣ್ಣು ಮುಚ್ಚಿದರು.

ಅಡುಗೆಮನೆಯಲ್ಲಿ ಅಕ್ಕ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಕಾಗದದ ಮಾತನ್ನೂ ಹೇಳಿದಳು. ಪೈಲ್ವಾನ ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. "ನನ್ನ ಆಲೂಗಡ್ಡೆ ಕೊಡಿ ಅಕ್ಕಾ. ಒಂದು ಖಾಲಿ ತಟ್ಟೆನೂ ಕೊಡಿ," ಎಂದ.

ಅವನು ಸ್ಟೂಲು ಎಳೆದುಕೊಂಡು ಮಂಚದ ಎದುರಿಗೇ ಕೂತ. "ಭಾವ, ಒಂದ್ನಿಮಿಷ. ಸಿಪ್ಪೆ ಸರಿಯಾಗಿ ಬಿಡುತ್ತಾ ನೋಡಿ ಹೊರಟುಬಿಡ್ತೀನಿ." ಯಜಮಾನರು ಅರೆಗಣ್ಣು ತೆರೆದರು. ಏನು ಮಾಡಬೇಕೆಂದು ತೋಚದೆ ಅಕ್ಕ ಮಂಚದ ಅಂಚಿನಲ್ಲಿ ಕೂತಳು.

ಪೈಲ್ವಾನ ಆಲೂಗಡ್ಡೆಯನ್ನು ತಟ್ಟೆಯಿಂದ ಎತ್ತಲು ಹೋಗಿ ಬೆರಳು ಚುರುಕ್ಕೆಂದವನ ಹಾಗೆ ಕೈ ಹಿಂದೆಗೆದ. ಬೆರಳ ತುದಿಯನ್ನು ಕಿವಿಗೆ ಮುಟ್ಟಿಸಿಕೊಂಡ. ಮತ್ತೆ ಎತ್ತಿದ, ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ. ಊದಿದ. ಬಿಸಿ ಹಬೆ ಮುಖಕ್ಕೆ ಬಡಿದಂತೆ ಕಣ್ಣು ಕಿರಿದು ಮಾಡಿದ. ಉಗುರಿನ ತುದಿಯಿಂದ ಸಿಪ್ಪೆ ಬಿಡಿಸಿದ. ಅದು ಒಂದು ಕಡೆ ಹಿಡಿದುಕೊಂಡಾಗ ಅಲ್ಲಿ ಮೆಲ್ಲಗೆ, ಬಿಟ್ಟುಕೊಂಡಾಗ ಸರ್ರನೆ. ಆಮೇಲೆ ಎರಡು ಹೆಬ್ಬೆರಳು ಸೇರಿಸಿ ಆಲೂಗಡ್ಡೆಯನ್ನು ಒಡೆದ.

ಒಡೆಯಲಿಲ್ಲ. ಅದು ಮರಳು ಕಟ್ಟಿದ ಕಾಗದ, ಒಡೆಯುವುದೆಲ್ಲಿಂದ ಬಂತು? ಆದರೆ ಒಳಗಿನ ಬಿಳಿಯ ಹಿಟ್ಟು ಪುಡಿಪುಡಿಯಾಗಿ ಬಿರಿದದ್ದನ್ನು ಅಕ್ಕ ಕಣ್ಣಾರೆ ಕಂಡಳು. ಬಣ್ಣ ಹಚ್ಚಿದವಳು ತಾನು, ಮರಳು ತುಂಬಿದವಳು ತಾನು, ಅದಕ್ಕೆ ಬಳಿದ ಕಹಿಯೂ ತನ್ನದೇ ಎಂದು ಗೊತ್ತಿದ್ದೂ ಅವಳ ಬಾಯಲ್ಲಿ ನೀರೂರಿತು. ಅವಳು ಬಾಯಿ ಮೇಲೆ ಬೆರಳಿಟ್ಟು ಕೂತುಬಿಟ್ಟಳು. ಇದನ್ನೇ ಅಲ್ಲವೇ ಇಷ್ಟು ವರ್ಷ ಆ ಕತ್ತಲೆಯಲ್ಲಿ ಅಷ್ಟು ಜನ ನೋಡುತ್ತಿದ್ದದ್ದು! ತನ್ನ ಕೈಯ ಮುದ್ದೆ ಇನ್ನೊಬ್ಬರ ಕೈಗೆ ಹೋಗಿ ಹೀಗಾಗುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಪೈಲ್ವಾನ ತಟ್ಟೆಯ ಅಂಚಿನಿಂದ ಇಲ್ಲದ ಉಪ್ಪನ್ನು ಚಿಟಿಕೆಯಲ್ಲಿ ಎತ್ತಿ ಮೇಲೆ ಉದುರಿಸಿದ. ಇನ್ನೊಂದು ಚಿಟಿಕೆ. ಕಚ್ಚಿದ. ಬಿಸಿ ತಾಳದೆ ಬಾಯಿ ಅರ್ಧ ತೆರೆದು ಹಾ ಹಾ ಎಂದು ಉಸಿರು ಬಿಟ್ಟ, ತುತ್ತನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿದ. ನುಂಗಿದ. ನುಂಗಿದ್ದು ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯುವುದು ಅವನ ಕಣ್ಣುಗಳಲ್ಲಿ ಕಾಣುತ್ತಿತ್ತು. ಮತ್ತೆ ಉಪ್ಪಿಗೆ ಕೈ ಹಾಕಿದ.

"ಏಯ್! ಎಷ್ಟು ಉಪ್ಪು ಹಾಕ್ಕೋತೀಯೋ!"

ಅಕ್ಕ ಬೆಚ್ಚಿಬಿದ್ದು ತಿರುಗಿ ನೋಡಿದಳು. ಯಜಮಾನರು ಮೊಣಕೈ ಊರಿ ಅರ್ಧ ಎದ್ದಿದ್ದರು. ಅದು ಕಾಗದ ಎಂದು ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹಾಳೆ ಹರಿದ ಕೈ ಅವರದೇ. ಆದರೂ ಅವರ ಗಂಟಲ ಮಣಿ ಮೇಲಕ್ಕೆ ಹೋಗಿ ಕೆಳಕ್ಕೆ ಇಳಿಯಿತು.

ಪೈಲ್ವಾನ ತಲೆ ಎತ್ತಲಿಲ್ಲ. ಬಾಯಿ ತುಂಬ ಬಿಸಿ ಇಟ್ಟುಕೊಂಡವನ ದನಿಯಲ್ಲಿ, "ನನಗೆ ಇಷ್ಟು ಬೇಕು ಭಾವ. ನಿಮ್ಮದಕ್ಕೆ ಕಮ್ಮಿ ಹಾಕ್ಕೊಳ್ಳಿ," ಅಂದ.

ಯಜಮಾನರು ಅವನ ತಟ್ಟೆ ನೋಡಿದರು. ಹೆಂಡತಿಯ ಬರಿಗೈ ನೋಡಿದರು.

"ನನ್ನದೆಲ್ಲೇ?" ಎಂದು ಕೇಳಿದರು.

ಅಕ್ಕ ಅಡುಗೆಮನೆಗೆ ಓಡಿದ್ದು ಅವಳಿಗೇ ಗೊತ್ತಾಗಲಿಲ್ಲ. ಬುಟ್ಟಿಯಲ್ಲಿ ಕೈಗೆ ಸಿಕ್ಕ ಆಲೂಗಡ್ಡೆ ತೊಳೆದು ಪಾತ್ರೆಗೆ ಹಾಕಿದಳು. ಅವಸರಕ್ಕೆ ಬೆಂಕಿಕಡ್ಡಿ ಮುರಿಯಿತು, ಇನ್ನೊಂದು ಗೀರಿದಳು. ನೀರು ಕುದಿಯುವುದನ್ನೇ ನೋಡುತ್ತ ನಿಂತಳು. ಹೊರಗೆ ಪೈಲ್ವಾನ ಇನ್ನೂ ತಿನ್ನುತ್ತಲೇ ಇದ್ದ. ಇಷ್ಟು ನಿಧಾನವಾಗಿ ಅವನು ಯಾವ ರಂಗದ ಮೇಲೂ ತಿಂದಿರಲಿಕ್ಕಿಲ್ಲ. ಅವಳು ಚಾಕು ಚುಚ್ಚಿ ನೋಡಿದಳು. ಒಳಗೆ ಇನ್ನೂ ಗಟ್ಟಿ ಇತ್ತು.

"ಏನೇ ಅದು, ಒಂದು ಆಲೂಗಡ್ಡೆ ಬೇಯೋಕೆ ಇಷ್ಟು ಹೊತ್ತಾ?" ಮುಂದಿನ ಕೋಣೆಯಿಂದ ದನಿ ಬಂತು. ಸಣ್ಣ ದನಿ, ಆದರೆ ಅದರಲ್ಲಿ ಸಿಡುಕು ಇತ್ತು. "ಮನುಷ್ಯ ಹಸಿದು ಕೂತಿದ್ದಾನೆ ಇಲ್ಲಿ!"

ಅಕ್ಕ ತೋಳಿನಿಂದ ಕಣ್ಣು ಒರೆಸಿಕೊಂಡು, ಇನ್ನೂ ಎರಡು ಆಲೂಗಡ್ಡೆ ತೊಳೆದು ಅದೇ ನೀರಿಗೆ ಹಾಕಿದಳು.