ದಂತದ ಕುರ್ಚಿಗೆ ಒಂದು ಹಲ್ಲು

ಹಾಸನದಿಂದ ಏಳೂವರೆಯ ಬಸ್ಸಿಗೆ ಹೊರಟೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಟಿಕೆಟ್ ಕೊಂಡವರು ನಾವು ನಾಲ್ಕು ಜನ ಗಂಡಸರು. ಹೆಂಗಸರಿಗೆ ಪುಕ್ಕಟೆ, ಕಿಟಕಿಗಳೂ ಅವರವೇ. ನಾನು ಕಟ್ಟುಹಲ್ಲು ಮಾಡುವವನು. ಹೊಳೆನರಸೀಪುರದಲ್ಲಿ ಒಬ್ಬ ಮೇಷ್ಟರಿಗೆ ಹೊಸ ಸೆಟ್ ಕೊಟ್ಟು, ಅವರು ನಿಪ್ಪಟ್ಟು ಕಡಿದು ತೋರಿಸುವವರೆಗೆ ಕಾದು, ಅರಕಲಗೂಡಿನ ಬಸ್ಸು ಹಿಡಿದೆ. ಅಲ್ಲಿ ಹಲ್ಲು ಬೇಕಾಗಿದ್ದು ಮನುಷ್ಯರಿಗಲ್ಲ, ಕುರ್ಚಿಗೆ.

ಕರೆಸಿದವರು ಕೆಂಪಮ್ಮ, ಹಿಂದೊಮ್ಮೆ ನನ್ನಿಂದಲೇ ಹಲ್ಲು ಕಟ್ಟಿಸಿಕೊಂಡವರು. ಮಾವನ ಕಾಲದ ಕುರ್ಚಿಯ ಎಡಗೈಯ ಮೇಲಿದ್ದ ದಂತದ ಹೂವು ಕಳೆದಿದೆಯಂತೆ. ಬಡಗಿಯನ್ನು ಕರೆಯಿರಿ ಎಂದರೆ, "ದಂತ ಅಂದ್ರೂ ಹಲ್ಲೇ ಅಲ್ವಾ ಸಾ?" ಎಂದುಬಿಟ್ಟರು. ಬಲಗೈಯ ಜೋಡಿ ಹೂವನ್ನು ಸೋಪಿಗೆ ಒತ್ತಿ, ಆ ಅಚ್ಚನ್ನು ಬಸ್ಸಿನಲ್ಲಿ ಕಳಿಸಿದ್ದರು. ಕಟ್ಟುಹಲ್ಲು ಮಾಡುವ ಪುಡಿಯಲ್ಲೇ ಹೂವು ಎರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ದಾರಿಯಲ್ಲಿ ಶುಂಠಿ ಕೀಳುತ್ತಿದ್ದರು. ಬಸ್ಸಿನ ಒಳಗೆಲ್ಲ ಅದರ ಘಾಟು.

ಕುರ್ಚಿ ಬೀಟೆಮರದ್ದು. ಯಾವ ದೊರೆ ಬಿಟ್ಟುಹೋದನೋ, ಮಾದರಿಯೆಲ್ಲ ಇಂಗ್ಲಿಷರದು: ದಂತದ ಉಗುರಿನ ಸಿಂಹದ ಪಂಜದ ಕಾಲು, ಬೆನ್ನಿಗೆ ಬೆತ್ತ. ಅಂಚಿನ ತುಂಬ ಮಾತ್ರ ನಮ್ಮ ಮಲ್ಲಿಗೆ ಬಳ್ಳಿ, ಅದೂ ದಂತದ್ದು. ಕೆತ್ತಿದವನ ಕೈಗೆ ಮುತ್ತಿಡಬೇಕು. ಆದರೆ ಆನೆಯನ್ನು ಕೊಂದು ಸಿಂಹದ ಉಗುರು ಮಾಡಿದ್ದಾರಲ್ಲ ಎಂದೂ ಅನ್ನಿಸಿತು. ದಂತವಾದ್ದರಿಂದ ಕಾನೂನು ಪ್ರಕಾರ ಮಾರುವ ಹಾಗಿಲ್ಲ, ಆಸ್ತಿ ಭಾಗದಲ್ಲಿ ಕೆಂಪಮ್ಮನ ನಾದಿನಿ ಪುಟ್ಟಮ್ಮನಿಗೆ ಬಂದಿದೆ, ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗುತ್ತದೆ.

ಮುದ್ದೆ, ಅವರೆಕಾಳು ಸಾರು ಬಡಿಸುತ್ತ ಕೆಂಪಮ್ಮ ಕಥೆ ಹೇಳಿದರು. ಅವರು ಮದುವೆಯಾಗಿ ಹೊಸಿಲು ದಾಟಿದ ಮರುದಿನವೇ ಹೂವು ಕಾಣಿಸಲಿಲ್ಲವಂತೆ. ಸೊಸೆಯ ಕಾಲ್ಗುಣ ಎಂದರು ಅತ್ತೆ. ಆಮೇಲೆ ಹಾಲು ಒಡೆದರೂ ಅದೇ ಮಾತು, ಎಮ್ಮೆ ಸತ್ತರೂ ಅದೇ ಮಾತು. ಅತ್ತೆ ಹೋದರು, ಮಾತನ್ನು ಪುಟ್ಟಮ್ಮ ಹಿಡಿದುಕೊಂಡರು. ಕುರ್ಚಿ ಹೊರಡುವ ಮೊದಲು ಹೂವು ಕೂತರೆ ಆ ಬಾಯಿಯಾದರೂ ಮುಚ್ಚೀತು ಎಂಬುದು ಕೆಂಪಮ್ಮನ ಆಸೆ. ನಲವತ್ತು ವರ್ಷ ಇದನ್ನು ನುಂಗಿಕೊಂಡ ಹೆಂಗಸು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಹೂವು ಕೂರಿಸಲೆಂದು, ಹಳೆಯದು ಕೂತಿದ್ದ ಗುಂಡಿಗೆ ಟಾರ್ಚ್ ಬೆಳಕು ಬಿಟ್ಟೆ. ಹಲ್ಲು ಯಾವಾಗ ಹೋಯಿತೆಂದು ಒಸಡು ಹೇಳುತ್ತದೆ, ಮರವೂ ಹೇಳಿತು. ಗುಂಡಿಯ ತಳದವರೆಗೂ ಪಾಲಿಶ್ ಇಳಿದಿತ್ತು.

ಪಾಲಿಶ್ ಯಾವಾಗ ಮಾಡಿಸಿದ್ದು ಎಂದು ಕೇಳಿದೆ.

"ನನ್ ಮದ್ವೆ ಮುಂಚೆ ಮಾಡ್ಸಿದ್ದಂತೆ ಸಾ. ಆಮ್ಯಾಕೆ ಯಾರೂ ಕುಂಚ ಮುಟ್ಸಿಲ್ಲ."

ಹೂವು ಇದ್ದಿದ್ದರೆ ಪಾಲಿಶ್ ಗುಂಡಿಯೊಳಕ್ಕೆ ಇಳಿಯುತ್ತಿರಲಿಲ್ಲ. ನೀವು ಬರುವ ಮೊದಲೇ ಅದು ಹೋಗಿತ್ತು ಎಂದೆ. ಕೆಂಪಮ್ಮ ಟಾರ್ಚ್ ಕಿತ್ತುಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು.

"ತೋರ್ಸಕ್ಕೆ ಅತ್ತೆ ಇಲ್ವಲ್ಲ ಸಾ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಹೂವನ್ನು ಹೊರತೆಗೆದಾಗ ಕೈ ಹಿಡಿದರು. "ಮುಚ್ಬ್ಯಾಡಿ. ಅಂಗೇ ಓಗ್ಲಿ."

ಹಾಸನದ ಬಸ್ಸಿಗೆ ಹೊತ್ತಾಗಿತ್ತು. ಬೇಡವಾದ ಹಲ್ಲನ್ನು ಜೇಬಿಗೆ ಹಾಕಿಕೊಂಡು ಬೀದಿಗಿಳಿದು ತಿರುಗಿ ನೋಡಿದೆ. ಕೆಂಪಮ್ಮ ಜಗಲಿಯಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಫೋನಿನಲ್ಲಿ ಹೇಳುತ್ತಿದ್ದರು.

"ಪುಟ್ಟಮ್ಮ, ಭಾನ್ವಾರ ಕುರ್ಚಿ ಜೊತೆ ನಾನೂ ಬತ್ತೀನಿ. ಒಂದ್ ಟಾರ್ಚ್ ಇಟ್ಕೊಂಡಿರು."