ಕೈಗವಸಿಗೆ ಹಚ್ಚಿದ ವಿಭೂತಿ

ಗೋಲ್‌ಕೀಪರ್ ಹಿಡಿದ ಚೆಂಡು ಯಾರಿಗೂ ನೆನಪಿರುವುದಿಲ್ಲ, ಬಿಟ್ಟದ್ದು ಮಾತ್ರ ನೆನಪಿರುತ್ತದೆ. ಆಡುವಾಗ ನನ್ನ ಕೈಯಿಂದ ಜಾರಿದ್ದಕ್ಕೆ ಬೈಸಿಕೊಂಡೆ. ಕೋಚ್ ಆದ ಮೇಲೆ ಇನ್ನೊಬ್ಬನ ಕೈಯಿಂದ ಜಾರಿದ್ದಕ್ಕೆ.

ರಾಯಚೂರಿನಲ್ಲಿ ನಮ್ಮ ಕಾಲಕ್ಕೆ ಕೈಗವಸು ಇರಲಿಲ್ಲ. ಗರಸು ಹಾಸಿದ ಮೊರಂ ನೆಲದ ಮೇಲೆ ಬರಿಗೈಯಲ್ಲಿ ಹಾರಿ ಬಿದ್ದು, ಮೊಣಕೈ ಸುಲಿದುಕೊಂಡು ಆಡಿದವರು ನಾವು. ಶಾಲೆಯ ದೈಹಿಕ ಶಿಕ್ಷಕನ ಕೆಲಸದಿಂದ ನಿವೃತ್ತನಾದ ಮೇಲೆ ದೇವದುರ್ಗದ ಫುಟ್‌ಬಾಲ್ ತಂಡಕ್ಕೆ ಕಲಿಸಲು ಒಪ್ಪಿಕೊಂಡೆ. ಬೆಳಗಿನ ಮೊದಲ ಬಸ್ಸು, ಮೈದಾನದ ಕಲ್ಲು ಆರಿಸುವುದು, ಆಮೇಲೆ ಓಟ, ಆಮೇಲೆ ಚೆಂಡು. ಈ ಕ್ರಮವನ್ನು ಎಂದೂ ತಪ್ಪಿಸಲಿಲ್ಲ. ಮಾನ್ವಿಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತರಿಸಿ, ಗುಂಡಿಗೆ ತುಂಬಿ, ಕೀಪರ್‌ಗೆ ಅದರ ಮೇಲೆ ಬೀಳುವುದನ್ನು ಕಲಿಸಿದೆ. ಅವನು ಮಸರಕಲ್‌ನ ಕುರಿಗಾರರ ಮನೆಯವನು, ಮೀಸೆ ಬಂದ ಗಂಡಸು. ಕೈಗವಸಿನ ಅಂಗೈ ರಬ್ಬರಿನದು, ಒದ್ದೆ ಮಾಡಿಕೊಂಡೇ ಇಳಿಯಬೇಕು, ಪುಡಿ ಕೂತರೆ ಚೆಂಡು ನಿಲ್ಲುವುದಿಲ್ಲ ಎಂದು ಅವನಿಗೆ ದಿನಾ ಹೇಳುತ್ತಿದ್ದೆ.

ಕಳೆದ ವರ್ಷ ಮಾನ್ವಿಯಲ್ಲಿ ಫೈನಲ್. ಸೋತರೆ ಬೇರೆ ಕೋಚ್ ನೋಡುತ್ತೇವೆ ಎಂದು ತಂಡದ ಕಮಿಟಿ ಮೊದಲೇ ಹೇಳಿತ್ತು. ನನಗೆ ಬೆಳಗ್ಗೆ ಎದ್ದು ಹೋಗಲು ಉಳಿದಿದ್ದ ಜಾಗ ಅದೊಂದೇ. ಆಟಕ್ಕೆ ಮುನ್ನ ಕಮಿಟಿ ಅಧ್ಯಕ್ಷರು ಗೂಗಲ್ ಎಂಬ ಊರಿನ ಗುಡಿಯಿಂದ ತಂದ ವಿಭೂತಿಯ ಪೊಟ್ಟಣ ಬಿಚ್ಚಿದರು. ಎಲ್ಲರ ಹಣೆಗೂ ಹಚ್ಚಿದರು. ನಾನೂ ಹಣೆ ಒಡ್ಡಿದೆ. ಉಳಿದದ್ದನ್ನು ಕೀಪರ್‌ನ ಕೈಗವಸಿನ ಎರಡೂ ಅಂಗೈಗೆ ತಿಕ್ಕತೊಡಗಿದರು.

“ಕೈಗಿ ಬ್ಯಾಡ್ರಿ ಸಾವ್ಕಾರ್ರ, ಚೆಂಡು ಜಾರ್ತದ,” ಎಂದೆ.

“ಮಾಸ್ತರ, ನಿಮಗ ನೀರಿನ ಮ್ಯಾಲ ನಂಬಿಕಿ. ನಮಗ ದ್ಯಾವರ ಮ್ಯಾಲ,” ಎಂದರು. ಸುತ್ತ ನಿಂತವರು ನಕ್ಕರು.

ಅವರು ಅತ್ತ ಹೋದೊಡನೆ ನೀರಿನ ಬಾಟಲಿ ಚಾಚಿದೆ. “ಹಣಿ ಮ್ಯಾಲಿಂದು ಇರ್ಲಿ. ಅಂಗೈ ತೊಳಕೋ, ಲಗೂನ.”

ಅವನು ಕೈ ಹಿಂದಕ್ಕೆ ಎಳೆದುಕೊಂಡ. “ದ್ಯಾವರದು ಹೆಂಗ ತೊಳೀಲಿ ಸರ್? ನಮ್ಮವ್ವಗ ಗೊತ್ತಾದ್ರ ಮನ್ಯಾಗ ಕಾಲಿಡಗೊಡಂಗಿಲ್ಲ.”

ಸೀಟಿ ಊದಿದರು. ಅವನು ಹಾಗೆಯೇ ಓಡಿದ.

ಆಟ ಮುಗಿಯುತ್ತ ಬಂದಾಗ ದೂರದಿಂದ ಒಂದು ಸಾದಾ ಹೊಡೆತ, ನೇರ ಎದೆಗೆ ಬಂತು. ಅವನು ಸರಿಯಾದ ಜಾಗದಲ್ಲಿ ನಿಂತಿದ್ದ, ಸರಿಯಾಗಿ ಹಿಡಿದ. ಚೆಂಡು ಸೋಪಿನಂತೆ ನುಣುಚಿ, ಕಾಲುಗಳ ನಡುವೆ ಉರುಳಿ ಗೆರೆ ದಾಟಿತು.

“ಕೈಗಿ ಬೆಣ್ಣಿ ಹಚಗೊಂಡು ಬಂದೀಯೇನಲೇ?” ಎಂದು ಮಾನ್ವಿಯವನೊಬ್ಬ ಕೂಗಿದ. ಆ ಒಂದು ಗೋಲಿನಿಂದ ಸೋತೆವು.

ಮರುದಿನ ದೇವದುರ್ಗದಲ್ಲಿ ಕಮಿಟಿ ಸಭೆ ಸೇರಿತು. ಅಧ್ಯಕ್ಷರು ಕೀಪರ್‌ನನ್ನು ಎಬ್ಬಿಸಿ ಕೇಳಿದರು: “ಅಂಥಾ ಚೆಂಡು ಹೆಂಗ ಬಿಟ್ಟೆಪಾ?”

“ಸರ್ ಹೇಳಿಕೊಟ್ಟಂಗ ಹಿಡದೆ ರೀ. ಜಾರ್ತು.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವಿಭೂತಿಯ ಮಾತು ಮಾತ್ರ ಅವನು ಎತ್ತಲಿಲ್ಲ. ಅಧ್ಯಕ್ಷರೂ ಎತ್ತಲಿಲ್ಲ. ನಾನು ಎತ್ತಿದ್ದರೆ, ಸೋತ ಮೇಲೆ ದೇವರನ್ನು ದೂರುವ ಮುದುಕ ಎನಿಸಿಕೊಳ್ಳುತ್ತಿದ್ದೆ. ಕಲಿಸಿದ್ದೇ ತಪ್ಪು ಎಂಬಂತೆ ಎಲ್ಲರೂ ನನ್ನತ್ತ ತಿರುಗಿ ತಲೆಯಾಡಿಸಿದರು.

“ವಯಸ್ಸಾತ್ರಿ ಮಾಸ್ತರ. ಇನ್ನ ಆರಾಮ ಇರ್ರಿ,” ಎಂದು ಅಧ್ಯಕ್ಷರು ಶಾಲು ಹೊದಿಸಿದರು. ಶಾಲನ್ನು ಅವರು ಮೊದಲೇ ತರಿಸಿಟ್ಟಿದ್ದರು. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕೀಪರ್.