ಎಡಕ್ಕೆ ಹೊಡೆಯುವ ಕೋವಿ

ನಾನು ನಿಂತದ್ದು ಇಚಿಲಂಪಾಡಿಯಲ್ಲಿ, ಭಾವನ ತೋಟದ ಪಂಪ್‌ಶೆಡ್ಡಿನ ಎದುರು, ಅಡಿಕೆಗೆ ಬಿಡುವ ನೀಲಿ ಮದ್ದು ಬೋರ್ಡೋ ದ್ರಾವಣದ ಡ್ರಮ್ಮಿಗೆ ಒರಗಿಕೊಂಡು. ಹೊತ್ತು ಬೆಳಿಗ್ಗೆ ಎಂಟೂ ಕಾಲು. ಚುನಾವಣೆಗೆಂದು ಠಾಣೆಯಲ್ಲಿ ಇಡಿಸಿಕೊಂಡಿದ್ದ ಕೋವಿ ಮನೆಗೆ ಮರಳಿ ಅದು ನಾಲ್ಕನೇ ದಿನ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸು ಎಪ್ಪತ್ತೊಂದು. ಅವರು ನಲವತ್ತು ಹೆಜ್ಜೆ ಆಚೆ ನಿಂತು, ಕಡಿದ ಹಲಸಿನ ಮರದ ಕುತ್ತಿಯ ಮೇಲಿಟ್ಟ ತಗಡಿನ ಮುಚ್ಚಳಕ್ಕೆ ಗುರಿ ಹಿಡಿದಿದ್ದರು. ಒಳಗಿದ್ದದ್ದು ಒಂಟಿ ಗುಂಡಿನ ತೋಟೆ. ಕೋವಿ ಇರುವುದು ಬೆಳೆ ರಕ್ಷಣೆಗೆ ಮಾತ್ರ ಎಂದು ಲೈಸೆನ್ಸಿನಲ್ಲಿ ಬರೆದಿದೆ. ಗುಂಡು ಅದನ್ನು ಓದಿರುವುದಿಲ್ಲ. ಕುತ್ತಿಯಿಂದ ಎಡಕ್ಕೆ ನಾಲ್ಕು ಹೆಜ್ಜೆಯಲ್ಲಿ ನಾನಿದ್ದೆ. ಅಷ್ಟು ದೂರ ಸಾಕೆಂದು ನಿರ್ಧರಿಸಿದವನೂ ನಾನೇ. ಭಾವನ ಗುರಿ ತಪ್ಪಿದ್ದನ್ನು ಮೂರು ಗ್ರಾಮಗಳಲ್ಲಿ ಯಾರೂ ಕಂಡಿರಲಿಲ್ಲ.

ಶಬ್ದವಾಯಿತು. ಮುಚ್ಚಳ ಅಲುಗಲಿಲ್ಲ. ನನ್ನ ಮೊಣಕೈಗಿಂತ ಒಂದು ಗೇಣು ಕೆಳಗೆ ಡ್ರಮ್ಮಿಗೆ ತೂತು ಬಿದ್ದು, ದ್ರಾವಣ ನನ್ನ ಬಿಳಿ ಪಂಚೆಯ ಮೇಲೆ ಸುರಿಯತೊಡಗಿತು. ಸೊಂಟದಿಂದ ಕೆಳಗೆ ನೀಲಿಯಾಗಿ ನಿಂತೇ ಇದ್ದೆ.

ಅಕ್ಕ ಅಡುಗೆಮನೆಯಿಂದ ಓಡಿ ಬಂದಳು. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು.

"ನಾಳೆಯೇ ಕೋವಿ ಠಾಣೆಗೆ ಕೊಟ್ಟು ಬನ್ನಿ. ಕಾಡುಹಂದಿ ತಿಂದು ಉಳಿದ ಬೆಳೆ ಸಾಕು ನಮಗೆ."

"ತಪ್ಪು ಕೋವಿಯದ್ದು," ಎಂದರು ಭಾವ. "ನನ್ನದು ಅಂತ ಆದ್ರೆ ನಾನೇ ಹೊತ್ತುಕೊಂಡು ಹೋಗಿ ಕೊಡ್ತೇನೆ."

ಅದು ಅವರ ತಂದೆಯ ಕೋವಿ. ಆ ಮಾತಿನ ಭಾರ ನಮಗೆಲ್ಲ ಗೊತ್ತಿತ್ತು.

ಮರುದಿನದಿಂದ ಜಗಲಿಯಲ್ಲಿ ಪರೀಕ್ಷಕರು ಸೇರಿದರು. ಪಕ್ಕದ ತೋಟದವರು ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿ, "ಎರಡು ತಿಂಗಳು ಠಾಣೆಯಲ್ಲಿ ಕೂತದ್ದು ಮಾರಾಯ್ರೆ. ಅಲ್ಲಿಂದ ನೆಟ್ಟಗೆ ಬಂದದ್ದು ಎಂತ ಉಂಟು?" ಎಂದರು. ಪುತ್ತೂರಿನಲ್ಲಿ ಅಂಗಡಿ ಇರುವ ಭಾವನ ಸೋದರಳಿಯ ತೋಟೆ ತಂಪು ಹಿಡಿದಿದೆ ಎಂದು ಹೊಸ ಪೆಟ್ಟಿಗೆ ತರಿಸಿದ. ಹೊಸ ತೋಟೆಯೂ ಎಡಕ್ಕೇ ಹೋಯಿತು. ಜೋಯಿಸರು ಕವಡೆ ಮಗುಚಿ, ಕೋವಿ ಠಾಣೆಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿತ್ತು ಎಂದರು. ಕೋವಿಯ ತಲೆ ಯಾವ ಕಡೆಯದು ಎಂದು ನಾನು ಕೇಳಿದೆ. ಅವರು ಕಾಫಿ ಕೇಳಿದರು.

ಹೊಡೆಯುವವರ ವಿಚಾರ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಮ್ಮಲ್ಲಿ ಎಪ್ಪತ್ತು ದಾಟಿದವರು ತಪ್ಪುವುದಿಲ್ಲ. ಅವರ ಕನ್ನಡಕ, ಸ್ಕೂಟರು, ಸೊಸೆ, ಕೋವಿ ತಪ್ಪುತ್ತವೆ.

ಒಂಬತ್ತನೇ ದಿನ ಜೀಪು ಮಾಡಿಕೊಂಡು ಐವರ್ನಾಡಿಗೆ ಹೋದೆವು. ಅಲ್ಲಿ ಕೋವಿ ರಿಪೇರಿಯ ಮುದುಕರೊಬ್ಬರಿದ್ದರು. ಅವರ ಶೆಡ್ಡಿನ ಪಕ್ಕದಲ್ಲಿ ಅವರ ಹೆಂಡತಿ ರಬ್ಬರ್ ಶೀಟು ಒಣಹಾಕುತ್ತಿದ್ದರು. ಜೀಪಿನವನು ಬಾಗಿಲಲ್ಲಿ ನಿಂತ. ಈ ಸಲ ನಾನು ಕೋವಿಯ ಹಿಂದೆ ನಿಂತೆ.

ಮುದುಕರು ಎರಡು ಮರಳಿನ ಚೀಲಗಳ ನಡುವೆ ಕೋವಿಯನ್ನು ಬಿಗಿದು, ಅದರ ಕುದುರೆಗೆ, ಎಂದರೆ ಟ್ರಿಗರಿಗೆ, ಹಗ್ಗ ಕಟ್ಟಿ, ದೂರದಿಂದ ಎಳೆದರು. ಹೀಗೆ ಮೂರು ಸಲ. ಗುಡ್ಡದ ಬದಿಯ ರಟ್ಟಿನಲ್ಲಿ ಮೂರೂ ತೂತುಗಳು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ, ರಟ್ಟಿನ ನಡುವೆಯೇ ಇದ್ದವು.

"ಈಗ ನೀವು ಹೊಡೀರಿ ಅಣ್ಣ," ಎಂದು ತೋಟೆಯನ್ನು ತಾವೇ ತುಂಬಿಸಿ ಕೊಟ್ಟರು.

ಭಾವ ಹೆಗಲಿಗೇರಿಸಿ ಉಸಿರು ಹಿಡಿದು ಕುದುರೆ ಎಳೆದರು. 'ಟಕ್' ಎಂದಿತು, ಅಷ್ಟೆ. ಮುದುಕರು ತುಂಬಿಸಿದ್ದು ಖಾಲಿ ತೋಟೆ. ಆದರೆ ನಳಿಗೆಯ ತುದಿ ಎಡಕ್ಕೂ ಕೆಳಕ್ಕೂ ನಾಲ್ಕು ಬೆರಳು ಹಾರಿತ್ತು. ಭಾವನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು, ಹೆಗಲು ಕಿವಿಯವರೆಗೆ ಏರಿತ್ತು. ಸಿಡಿಯದ ಕೋವಿಗೆ ಅವರು ಹಾಗೆಯೇ, ನಾನು ಎಣಿಸಿದಂತೆ ಒಂದೆರಡು ಉಸಿರಿನಷ್ಟು ಹೊತ್ತು, ಹೆದರಿ ನಿಂತಿದ್ದರು.

"ಕೋವಿ ಸರಿ ಉಂಟು," ಎಂದರು ಮುದುಕರು, ಮೆಲ್ಲಗೆ. "ಅದು ಹೆಗಲಿಗೆ ಯಾವಾಗ ಒದ್ದದ್ದು?"

"ಹೋದ ವರ್ಷ," ಎಂದರು ಭಾವ. "ಕೈ ಎತ್ತಲಿಕ್ಕೆ ಆಗದೆ ಎರಡು ವಾರ ಇದ್ದೆ. ಮನೆಯಲ್ಲಿ ಹೆಂಡತಿಗೆ ಹೇಳಲಿಲ್ಲ."

ಮಾತಿಗೆ ತಪ್ಪುವವರಲ್ಲ ಭಾವ. ಮರುದಿನವೇ ತಂದೆಯ ಕೋವಿಯನ್ನು ತಾವೇ ಹೊತ್ತುಕೊಂಡು ಠಾಣೆಗೆ ಹೋದರು, ಜೊತೆಗೆ ನಾನು. ಚುನಾವಣೆ ಇಲ್ಲದ ಕಾಲದಲ್ಲಿ ಕೋವಿ ಯಾಕೆ ತಂದಿರಿ ಎಂದು ಅಲ್ಲಿಯವರು ಕೇಳಿದರು. ಭಾವ ನನ್ನ ಮುಖ ನೋಡಿದರು. ಆಮೇಲೆ ಗೋಡೆ ನೋಡಿದರು.

"ಅದು ಎಡಕ್ಕೆ ಹೊಡೀತದೆ," ಎಂದರು.

ಹಾಗೆಯೇ ಬರೆದುಕೊಂಡರು. 'ಕೋವಿ ದೋಷಯುಕ್ತ' ಎಂಬ ಸಾಲನ್ನು ನಾನು ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿದೆ. ಇಂದು ಇಚಿಲಂಪಾಡಿಯಲ್ಲಿ ಎಲ್ಲರೂ ಹೇಳುವುದು ಅದನ್ನೇ: ಅಂಥ ಗುರಿಕಾರನಿಗೆ ಎಂಥ ಕೆಟ್ಟ ಕೋವಿ!

ಐವರ್ನಾಡಿನಲ್ಲಿ ನಡೆದದ್ದನ್ನು ಕಂಡವರಲ್ಲಿ ಮುದುಕರು ಹೋದ ಮಳೆಗಾಲ ತೀರಿಕೊಂಡರು. ಅವರ ಹೆಂಡತಿ ಇದ್ದಾರೆ. ಕೈಯಲ್ಲಿ ಶೀಟು ಹಿಡಿದುಕೊಂಡೇ ನೋಡಿದ್ದರು. ಜೀಪಿನವನು ಇದ್ದಾನೆ, ಕೇಳಿದರೆ ನಗುತ್ತಾನೆ. ನಾನಿದ್ದೇನೆ. ಭಾವನೂ ಗಟ್ಟಿಮುಟ್ಟಾಗಿ ಇದ್ದಾರೆ, ಆದರೆ ಅವರನ್ನು ಕಂಡವರ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅವರು ಕಣ್ಣು ಮುಚ್ಚಿದ್ದರು.